ಕೂಜೀ ತೀರದ ನರ್ಸ್: ಪರ್ತ್‌ನಿಂದ ತಂಗಿಗೊಂದು ಪತ್ರ

ಪರ್ತ್, ಪಶ್ಚಿಮ ಆಸ್ಟ್ರೇಲಿಯಾ
ಏಪ್ರಿಲ್ 26

ಪ್ರೀತಿಯ ಪುಟ್ಟಿ,

ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪ ಅಮ್ಮನ ಆರೋಗ್ಯ ನೋಡಿಕೋ. ಮೇ 12ಕ್ಕೆ ಕಾಲೇಜಿನಲ್ಲಿ ನರ್ಸ್‌ಗಳ ದಿನದ ಭಾಷಣ ನಿನ್ನ ಪಾಲಿಗೆ ಬಂದಿದೆ ಅಂದೆಯಲ್ಲ. ನೈಟಿಂಗೇಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ದೀಪದ ಕಥೆ ಕೇಳಿ ಕೇಳಿ ನಿಮ್ಮ ಮೇಡಂಗೂ ಸಾಕಾಗಿರಬೇಕು. ನೀನು 1918ರ ಫ್ಲೂ ರೋಗಿಗಳನ್ನು ನೋಡಿಕೊಂಡ ನರ್ಸ್ ರೋಸಾ ಓಕೇನ್ ಬಗ್ಗೆ ಹೇಳು. ಬೇಕಾದದ್ದನ್ನೆಲ್ಲ ಬರೆದಿದ್ದೇನೆ. ಉದ್ದವಾಯಿತು, ನಿನಗೆ ಬೇಕಾದಷ್ಟು ಕತ್ತರಿಸಿಕೋ.

ರೋಸಾ ಕ್ವೀನ್ಸ್‌ಲ್ಯಾಂಡಿನ ಚಾರ್ಟರ್ಸ್ ಟವರ್ಸ್‌ನವಳು. ಅದು ಚಿನ್ನದ ಗಣಿಯ ಊರು, ನಮ್ಮ ಕೋಲಾರದ ಕೆ.ಜಿ.ಎಫ್. ಇದ್ದ ಹಾಗೆ ಅಂದುಕೋ. ಮೊದಲ ಮಹಾಯುದ್ಧದಲ್ಲಿ ಆಸ್ಟ್ರೇಲಿಯಾದ ಸೇನಾ ನರ್ಸಿಂಗ್ ಸೇವೆಗೆ ಸೇರಿದಳು. 1918ರ ಕೊನೆಗೆ ‘ವೈರೀಮಾ’ ಅನ್ನೋ ಹಡಗಿನಲ್ಲಿ ಗ್ರೀಸಿನ ಸಲೋನಿಕಾಗೆ ಹೊರಟ ನರ್ಸ್‌ಗಳಲ್ಲಿ ಅವಳೂ ಒಬ್ಬಳು. ಹಡಗು ಆಫ್ರಿಕಾದ ದಕ್ಷಿಣ ತುದಿ ಮುಟ್ಟುವ ಹೊತ್ತಿಗೆ ಯುದ್ಧ ಮುಗಿದೇ ಹೋಗಿತ್ತು. ನವೆಂಬರ್ 11ರ ಕದನವಿರಾಮ ಆಯಿತು, ವೈರೀಮಾ ಊರ ಕಡೆ ತಿರುಗಿತು. ಗುಂಡಿನ ಸದ್ದು ಕೇಳದೆಯೇ ಯುದ್ಧ ಮುಗಿಸಿದವಳು ಅವಳು. ಅವಳನ್ನು ಕೊಂದದ್ದು ಬೇರೆಯೇ.

ಇನ್ನೊಂದು ಹಡಗು ‘ಬೂನಾ’. ಮೂಲತಃ ಜರ್ಮನರದು, 1914ರಲ್ಲಿ ಆಸ್ಟ್ರೇಲಿಯಾ ವಶಪಡಿಸಿಕೊಂಡು ಹೆಸರು ಬದಲಾಯಿಸಿತು. 1918ರ ಅಕ್ಟೋಬರ್ ಕೊನೆಗೆ ಸಾವಿರದಷ್ಟು ಸೈನಿಕರನ್ನು ಹೊತ್ತು ಪರ್ತ್ ಪಕ್ಕದ ಬಂದರು ಫ್ರೀಮ್ಯಾಂಟಲ್‌ನಿಂದ ಹೊರಟಿತ್ತು. ದಕ್ಷಿಣ ಆಫ್ರಿಕಾದ ಡರ್ಬನ್ ತಲುಪಿದಾಗ ಅವರಿಗೂ ‘ಯುದ್ಧ ಮುಗಿಯಿತು, ವಾಪಸ್ ಹೋಗಿ’ ಅಂದರು. ಡರ್ಬನ್ ಊರಲ್ಲಿ ಇನ್‌ಫ್ಲುಯೆಂಜಾ, ಅಂದರೆ ಫ್ಲೂ ಜ್ವರ, ಹಬ್ಬಿತ್ತು ಅಂತ ಸೈನಿಕರನ್ನು ಕೆಳಗಿಳಿಸಲಿಲ್ಲ. ಆದರೆ ಸರಕು ಹೊರಲು ಬಂದರಿನ ಕೂಲಿಗಳು ಹಡಗಿನೊಳಗೇ ಬಂದರು. ಇದನ್ನು ಭಾಷಣದಲ್ಲಿ ಬಿಡಬೇಡ. ಊರನ್ನು ಹಡಗಿನಿಂದ ದೂರ ಇಟ್ಟರು, ಊರಿನ ಜನ ಹಡಗು ಹತ್ತುವುದನ್ನು ಮಾತ್ರ ಯೋಚಿಸಲಿಲ್ಲ. ನಮ್ಮ ಐಸೋಲೇಷನ್ ವಾರ್ಡುಗಳಲ್ಲೂ ಆಗುವುದು ಇದೇ. ರೋಗಿಯ ಮನೆಯವರನ್ನು ಬಾಗಿಲಲ್ಲಿ ತಡೆಯುತ್ತೇವೆ, ಊಟದ ಗಾಡಿ ತಳ್ಳಿಕೊಂಡು ಬರುವ ಹುಡುಗ ಕಣ್ಣಿಗೇ ಬೀಳುವುದಿಲ್ಲ.

ಹಡಗಿನ ಕೆಳ ಅಂತಸ್ತಿನಲ್ಲಿ ಸೈನಿಕರು ಒತ್ತೊತ್ತಾಗಿ ಮಲಗುತ್ತಿದ್ದರು, ಗಾಳಿಗೆ ದಾರಿ ಕಡಿಮೆ. ಫ್ಲೂ ತಗುಲಿದ ಮೇಲೆ ಲಕ್ಷಣ ಕಾಣಲು ಒಂದರಿಂದ ನಾಲ್ಕು ದಿನ ಸಾಕು, ಲಕ್ಷಣ ಕಾಣುವ ಒಂದು ದಿನ ಮುಂಚೆಯೇ ಅದು ಹರಡಲು ಶುರುವಾಗುತ್ತದೆ. ಹಿಂದೂ ಮಹಾಸಾಗರ ದಾಟುವ ಅಷ್ಟೂ ದಿನ ರೋಗ ಒಂದು ಹಾಸಿಗೆಯಿಂದ ಪಕ್ಕದ ಹಾಸಿಗೆಗೆ ಸಾಗುತ್ತಲೇ ಇತ್ತು. ಡಿಸೆಂಬರ್ 12ರ ಹೊತ್ತಿಗೆ ಬೂನಾ ಫ್ರೀಮ್ಯಾಂಟಲ್ ಹೊರಗೆ ಲಂಗರು ಹಾಕಿದಾಗ ರೋಗಿಗಳ ಸಂಖ್ಯೆ ಮುನ್ನೂರರ ಸುತ್ತಮುತ್ತ. ಅವರನ್ನು ದೋಣಿಗಳಲ್ಲಿ ದಕ್ಷಿಣದ ಕೂಜೀ ಕಡೆಯ ವುಡ್‌ಮನ್ ಪಾಯಿಂಟ್ ಕ್ವಾರಂಟೈನ್ ಠಾಣೆಗೆ ಇಳಿಸಿದರು. ಠಾಣೆ ಅಷ್ಟು ಜನಕ್ಕೆ ಕಟ್ಟಿದ್ದಲ್ಲ, ನರ್ಸ್‌ಗಳೂ ಸಾಲಲಿಲ್ಲ. ವೈರೀಮಾ ಆಗ ಅದೇ ದಾರಿಯಲ್ಲಿತ್ತು. ಅದರಿಂದ ಇಪ್ಪತ್ತು ನರ್ಸ್‌ಗಳು ತಾವಾಗಿ ಮುಂದೆ ಬಂದು ಇಳಿದರು. ರೋಸಾ ಅವರಲ್ಲೊಬ್ಬಳು.

ಆಗಿನ ಡ್ಯೂಟಿ ಹೇಗಿತ್ತು ಅಂತ ನಿನ್ನ ಕ್ಲಾಸಿಗೆ ಬಿಡಿಸಿ ಹೇಳು. ಆ್ಯಂಟಿಬಯಾಟಿಕ್ ಇರಲಿಲ್ಲ. ಪೆನ್ಸಿಲಿನ್ ರೋಗಿಗಳ ಕೈಗೆ ಬಂದದ್ದು 1940ರ ದಶಕದಲ್ಲಿ. ಮನುಷ್ಯರ ಫ್ಲೂ ವೈರಸ್ಸನ್ನು ಪತ್ತೆ ಮಾಡಿದ್ದೇ 1933ರಲ್ಲಿ. 1918ರಲ್ಲಿ ಮೆಲ್ಬರ್ನ್‌ನ ಪ್ರಯೋಗಾಲಯ ಲಸಿಕೆ ತಯಾರಿಸಿತು ನಿಜ, ಆದರೆ ಅದು ಬ್ಯಾಕ್ಟೀರಿಯಾಗಳ ಮಿಶ್ರಣ, ವೈರಸ್ಸಿಗೆ ಸಂಬಂಧವೇ ಇಲ್ಲದ್ದು. ಹಾಗಾಗಿ ಚಿಕಿತ್ಸೆ ಅಂದರೆ ನರ್ಸಿಂಗೇ. ನಾಲ್ಕು ಗಂಟೆಗೊಮ್ಮೆ ಟಿ.ಪಿ.ಆರ್. (ಜ್ವರ, ನಾಡಿ, ಉಸಿರು) ನೋಡುವುದು, ಜ್ವರ ಏರಿದರೆ ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸುವುದು, ಗುಟುಕು ಗುಟುಕಾಗಿ ನೀರು ಕುಡಿಸುವುದು, ದಿಂಬು ಕೊಟ್ಟು ಬೆನ್ನು ಎತ್ತರಿಸಿ ಕೂರಿಸುವುದು, ಮೂಗಿನಿಂದ ಸುರಿಯುವ ರಕ್ತ ಒರೆಸುವುದು, ಕಫದ ಬಟ್ಟಲು ತೆಗೆದು ಸುಡುವುದು, ಸನ್ನಿ ಹಿಡಿದು ಎದ್ದು ಓಡುವವನನ್ನು ಹಿಡಿದು ಮಲಗಿಸುವುದು. ಕೊನೆಗೆ ಶವ ತೊಳೆದು ಸುತ್ತುವುದು.

ಆ ಜ್ವರದ ಗುರುತು ಮುಖದ ಬಣ್ಣ. ಮೊದಲು ಕೆನ್ನೆಯ ಮೇಲೆ ಕಂದುಗೆಂಪು ಕಲೆ. ಆಮೇಲೆ ತುಟಿ, ಕಿವಿ, ಉಗುರಿನ ಬುಡ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಶ್ವಾಸಕೋಶದಲ್ಲಿ ನೀರು, ರಕ್ತ ತುಂಬಿ ಆಮ್ಲಜನಕ ಒಳಗೆ ಹೋಗದ ಲಕ್ಷಣ ಅದು, ನೀವೀಗ ಸಯನೋಸಿಸ್ ಅಂತ ಓದುತ್ತೀರಲ್ಲ, ಅದೇ. ನೇರಳೆ ಬಣ್ಣ ಮುಖವೆಲ್ಲ ಹರಡಿದ ಮೇಲೆ ಬದುಕಿದವರು ತೀರಾ ಕಡಿಮೆ. ಸತ್ತವರಲ್ಲಿ ಹೆಚ್ಚಿನವರು ಫ್ಲೂ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ ಸತ್ತರು. ಮಕ್ಕಳು ಮುದುಕರಿಗಿಂತ ಇಪ್ಪತ್ತರಿಂದ ನಲವತ್ತರ ಗಟ್ಟಿಮುಟ್ಟಾದವರೇ ಹೆಚ್ಚು ಹೋದದ್ದು ಆ ವರ್ಷದ ವಿಚಿತ್ರ. ಸೈನಿಕರೂ ನರ್ಸ್‌ಗಳೂ ಅದೇ ವಯಸ್ಸಿನವರು.

ಆಸ್ಪಿರಿನ್ ಬಗ್ಗೆ ಒಂದು ಮಾತು. ನಾವೀಗ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟುವುದಿಲ್ಲ. ಆಗ ಜಗತ್ತಿನ ಹಲವೆಡೆ 8 ಗ್ರಾಂ, ಅದಕ್ಕೂ ಮೇಲೆ ಬರೆಯುತ್ತಿದ್ದರು. ಅಷ್ಟು ಕೊಟ್ಟರೆ ಉಸಿರಾಟ ವೇಗವಾಗುತ್ತದೆ, ಶ್ವಾಸಕೋಶದಲ್ಲಿ ನೀರು ಸೇರುತ್ತದೆ. ರೋಗದ ಲಕ್ಷಣವೂ ಅದೇ, ಔಷಧಿಯ ವಿಷದ ಲಕ್ಷಣವೂ ಅದೇ. ಯಾವುದು ಯಾವುದರಿಂದ ಅಂತ ಹಾಸಿಗೆ ಪಕ್ಕ ನಿಂತವರಿಗೆ ಹೇಗೆ ತಿಳಿಯಬೇಕು?

ಇನ್ನು ಮಾಸ್ಕ್. ಆಗಿನದು ಗಾಜ್, ಅಂದರೆ ಗಾಯಕ್ಕೆ ಕಟ್ಟುವ ಜಾಳು ಬಟ್ಟೆ, ಕೆಲವು ಪದರ ಮಡಚಿ ಹಿಂದಕ್ಕೆ ದಾರ ಕಟ್ಟುವುದು. ನಿನ್ನ ಡ್ರೆಸ್ಸಿಂಗ್ ಟ್ರೇಯಲ್ಲಿರುವ ಗಾಜ್ ಆರು ಪದರ ಮಡಚಿ ಬೆಳಕಿಗೆ ಹಿಡಿದು ನೋಡು, ಕಿಟಕಿಯ ಸರಳು ಕಾಣುತ್ತದೆ. ದೊಡ್ಡ ಹನಿಗಳನ್ನು ಸ್ವಲ್ಪ ತಡೆಯುತ್ತದೆ ಅಷ್ಟೆ. ಮೂಗಿನ ಎರಡು ಪಕ್ಕ, ಗಲ್ಲದ ಕೆಳಗೆ ಸಂದು. ಉಸಿರಿಗೆ ಒದ್ದೆಯಾದ ಮೇಲೆ ಗಾಳಿ ಬಟ್ಟೆಯ ಮೂಲಕ ಬರುವುದಿಲ್ಲ, ಆ ಸಂದಿನಿಂದಲೇ ನುಗ್ಗುತ್ತದೆ. ಅದಕ್ಕೇ ಒಂದೆರಡು ಗಂಟೆಗೊಮ್ಮೆ ಬದಲಿಸಬೇಕಿತ್ತು. ಮುನ್ನೂರು ರೋಗಿಗಳ ನಡುವೆ, ಡಿಸೆಂಬರಿನ ಆಸ್ಟ್ರೇಲಿಯನ್ ಬೇಸಿಗೆಯಲ್ಲಿ, ಅದು ಎಷ್ಟರ ಮಟ್ಟಿಗೆ ಸಾಧ್ಯ ಅಂತ ನೀನೇ ಲೆಕ್ಕ ಹಾಕು. ತೆಗೆಯುವಾಗ ಮುಂಭಾಗ ಮುಟ್ಟಿದರೆ ಕಟ್ಟಿದ್ದೂ ವ್ಯರ್ಥ. ಹಿಂದಿನ ದಾರ ಬಿಚ್ಚಿ, ಬಟ್ಟೆ ಮುಟ್ಟದೆ ಕೆಳಗೆ ಹಾಕಿ, ಕೈ ತೊಳೆ. ನಿನಗೆ ಪ್ರಾಕ್ಟಿಕಲ್‌ನಲ್ಲಿ ಮಾರ್ಕ್ಸ್ ಹೋಗುವುದೂ ಇಲ್ಲೇ, ನೆನಪಿಟ್ಟುಕೋ.

ರೋಸಾ ಡಿಸೆಂಬರ್ 21ರಂದು ತೀರಿಕೊಂಡಳು. ಠಾಣೆಗೆ ಇಳಿದು ಒಂದು ವಾರ ಚಿಲ್ಲರೆ, ಕ್ರಿಸ್ಮಸ್‌ಗೆ ನಾಲ್ಕು ದಿನ ಬಾಕಿ. ವಯಸ್ಸು 28. ಅವಳ ಜೊತೆಯ ಸೇನಾ ನರ್ಸ್‌ಗಳಾದ ಏಡಾ ಥಾಂಪ್ಸನ್, ಡೋರಿಸ್ ರಿಡ್ಜ್‌ವೇ ಹೊಸ ವರ್ಷದ ಮೊದಲ ವಾರದಲ್ಲಿ ಹೋದರು. ನಾಲ್ಕನೆಯವಳು ಹಿಲ್ಡಾ ವಿಲಿಯಮ್ಸ್, ಸೈನ್ಯದವಳಲ್ಲ, ನಾಗರಿಕ ನರ್ಸ್. ಭಾಷಣದಲ್ಲಿ ಅವಳ ಹೆಸರು ತಪ್ಪಿಸಬೇಡ. ಸಮವಸ್ತ್ರ ಇಲ್ಲದವರನ್ನು ಜನ ಬೇಗ ಮರೆಯುತ್ತಾರೆ. ಠಾಣೆಯಲ್ಲಿ ಅವರ ಜೊತೆ ಸತ್ತ ಸೈನಿಕರು ಇಪ್ಪತ್ತಕ್ಕೂ ಹೆಚ್ಚು.

ಬೂನಾ ಹಡಗಿನಲ್ಲೇ ಉಳಿದವರ ಪಾಡೂ ಹೇಳಬೇಕು. ಕ್ವಾರಂಟೈನ್ ನಿಯಮ ಹೀಗಿತ್ತು: ಕೊನೆಯ ಹೊಸ ರೋಗಿ ಕಂಡ ದಿನದಿಂದ ಏಳು ದಿನ. ಆರನೇ ದಿನ ಒಬ್ಬನಿಗೆ ಜ್ವರ ಬಂತೋ, ಲೆಕ್ಕ ಮತ್ತೆ ಸೊನ್ನೆಯಿಂದ. ಆರೋಗ್ಯವಾಗಿರುವವರನ್ನು ಸೋಂಕು ತಗುಲಿದವರ ಜೊತೆ ಒಂದೇ ಹಡಗಿನಲ್ಲಿ ಕೂಡಿಟ್ಟರೆ ಲೆಕ್ಕ ಮುಗಿಯುವುದು ಯಾವಾಗ? ದಡದಲ್ಲಿ ಜನ ಸಿಟ್ಟಿಗೆದ್ದರು. ಯುದ್ಧದಿಂದ ಮರಳಿದ ಸೈನಿಕರ ಸಂಘದವರು ಹಡಗಿಗೇ ನುಗ್ಗಿ ಬಿಡಿಸುತ್ತೇವೆ ಅಂದರು. ಕೊನೆಗೆ ಬೂನಾ ಡಿಸೆಂಬರ್ 20ಕ್ಕೆ ಅಡಿಲೇಡ್ ಕಡೆ ಹೊರಟಿತು, ದಾರಿಯಲ್ಲೂ ಹೊಸ ರೋಗಿಗಳು ಸಿಕ್ಕರು.

ಕ್ವಾರಂಟೈನ್ ಬೇಡವಾಗಿತ್ತು ಅಂತ ಮಾತ್ರ ಹೇಳಬೇಡ. ನನ್ನ ಅಭಿಪ್ರಾಯ ಅದಕ್ಕೆ ವಿರುದ್ಧ. ಬೂನಾದ ರೋಗ ಬೇಲಿ ದಾಟಿ ಪರ್ತ್ ಊರಿಗೆ ಹೋಗಲಿಲ್ಲ, ಪಶ್ಚಿಮ ಆಸ್ಟ್ರೇಲಿಯಾಕ್ಕೆ ಫ್ಲೂ ಬಂದದ್ದು 1919ರ ಮಧ್ಯಭಾಗದಲ್ಲಿ. ಆಸ್ಟ್ರೇಲಿಯಾದಲ್ಲಿ ಒಟ್ಟು ಸತ್ತವರು ಹನ್ನೆರಡರಿಂದ ಹದಿನೈದು ಸಾವಿರ. ನಮ್ಮಲ್ಲಿ? 1918ರ ಬೇಸಿಗೆ ಕಳೆಯುವಾಗ ಬೊಂಬಾಯಿ ಬಂದರಿಗೆ ಇಳಿದ ಜ್ವರ ರೈಲು ಹತ್ತಿ ಒಳನಾಡಿಗೆಲ್ಲ ಹೋಯಿತು, ‘ಬಾಂಬೆ ಫೀವರ್’ ಅಂತಲೇ ಹೆಸರಾಯಿತು. ಇಂಡಿಯಾದಲ್ಲಿ ಒಂದು ಕೋಟಿಗೂ ಮೇಲೆ ಸತ್ತರು. ಮೈಸೂರು ಸೀಮೆಯೂ ಆ ಲೆಕ್ಕದಲ್ಲೇ ಇದೆ. ಬೇಲಿ ಕೆಲಸ ಮಾಡಿತು, ಅದರ ಬೆಲೆಯನ್ನು ಬೇಲಿಯ ಒಳಗಿದ್ದವರು ಕೊಟ್ಟರು. ಬೇಲಿಯೊಳಗೆ ಇನ್ನಷ್ಟು ಜಾಗ, ಇನ್ನಷ್ಟು ಕೈ, ಹಡಗಿನವರನ್ನು ಸಣ್ಣ ಸಣ್ಣ ಗುಂಪು ಮಾಡಿ ಇಳಿಸುವ ಏರ್ಪಾಡು ಇದ್ದಿದ್ದರೆ ಆ ಬೆಲೆ ಕಡಿಮೆಯಾಗುತ್ತಿತ್ತು ಅಂತ ನನಗನ್ನಿಸುತ್ತದೆ.

ವುಡ್‌ಮನ್ ಪಾಯಿಂಟ್ ಠಾಣೆ 1979ರಲ್ಲಿ ಮುಚ್ಚಿತು. ಹಳೇ ಕಟ್ಟಡಗಳು, ಶವ ಸುಡುತ್ತಿದ್ದ ಒಲೆಯ ಚಿಮಣಿ ಈಗಲೂ ನಿಂತಿವೆ. ಸುತ್ತ ಕುರುಚಲು ಗಿಡ, ಆಚೆ ಸಮುದ್ರ. ವಾರದ ಕೊನೆಗೆ ಜನ ಅಲ್ಲಿಗೆ ಮೀನು ಹಿಡಿಯಲು ಬರುತ್ತಾರೆ.

ಹೆಸರು ಇಂಗ್ಲಿಷಿನಲ್ಲಿ ನೋಡಿ ‘ಓಕಾನೆ’ ಅಂತ ಓದಿಬಿಡಬೇಡ, ಓಕೇನ್. ಬೂನಾ, ವೈರೀಮಾ ಎರಡೂ ಹಡಗು ಬೇರೆ ಬೇರೆ, ಕೇಳುವವರಿಗೆ ಗೊಂದಲವಾಗುತ್ತದೆ, ಬೋರ್ಡಿನ ಮೇಲೆ ಬರೆದು ತೋರಿಸು. ಹತ್ತು ನಿಮಿಷ ಅಂದಿದ್ದಾರಲ್ಲ, ಆಸ್ಪಿರಿನ್ ಭಾಗ ಬಿಟ್ಟರೂ ನಡೆದೀತು, ಮಾಸ್ಕ್ ಭಾಗ ಬಿಡಬೇಡ.

ಅಮ್ಮನಿಗೆ ಮಂಡಿಗೆ ಹಚ್ಚುವ ಎಣ್ಣೆ ಮುಗಿದಿದ್ದರೆ ತಿಳಿಸು. ಅಪ್ಪನಿಗೆ ನಮಸ್ಕಾರ ಹೇಳು.

ಇತಿ ನಿನ್ನ
ಅಕ್ಕ