ಹವಾಲ್ದಾರನ ಹೆಗಲ ಮೇಲೆ ಏನಿದೆ: ಕಥೆ ಬರೆಯುವ ಗೆಳೆಯನಿಗೊಂದು ಪತ್ರ

ಪ್ರಿಯ ಮಂಜು,

ನಿನ್ನ ಕಥೆಯ ಕರಡು ಓದಿದೆ. ಸೇನೆಯ ಎಂಜಿನಿಯರ್ ದಳವಾದ ಎಂಇಜಿಯಿಂದ (ಮದ್ರಾಸ್ ಎಂಜಿನಿಯರ್ ಗ್ರೂಪ್) ನಿವೃತ್ತನಾಗಿ ಊರಿಗೆ ಬಂದ ಹವಾಲ್ದಾರ ದೀಪಾವಳಿ ರಾತ್ರಿ ಪಟಾಕಿ ಸದ್ದಿಗೆ ಬೆಚ್ಚಿ ಮಂಚದ ಕೆಳಗೆ ನುಗ್ಗುತ್ತಾನೆ. ಹೆಂಡತಿ ತಬ್ಬಿಕೊಂಡು ಅಳುತ್ತಾಳೆ. ಬೆಳಗಾಗುವಷ್ಟರಲ್ಲಿ ಅವನು ಎಲ್ಲವನ್ನೂ ಹೇಳಿಕೊಂಡು ಹಗುರಾಗುತ್ತಾನೆ. ಭಾಷೆ ಚೆನ್ನಾಗಿದೆ. ಆದರೆ ಈ ಮನುಷ್ಯ ಏನನ್ನು ಹೊತ್ತುಕೊಂಡು ಬಂದಿದ್ದಾನೆ ಅಂತ ನೀನಿನ್ನೂ ತೂಗಿ ನೋಡಿಲ್ಲ.

ತೂಗುವುದು ಅಂದರೆ ನಿಜವಾಗಿಯೂ ತಕ್ಕಡಿಗೆ ಹಾಕುವುದು. ವಿಯೆಟ್ನಾಂ ಯುದ್ಧದಲ್ಲಿ ಕಾಲಾಳಾಗಿದ್ದ ಟಿಮ್ ಓಬ್ರಿಯೆನ್ 1990ರಲ್ಲಿ ತಂದ ‘ದಿ ಥಿಂಗ್ಸ್ ದೇ ಕ್ಯಾರೀಡ್’ ಪುಸ್ತಕದ ಮೊದಲ ಕಥೆಯನ್ನು ಪೆನ್ಸಿಲ್ ಹಿಡಿದುಕೊಂಡು ಓದು. ಯಾರು ಏನು ಹೊತ್ತರು, ಅದರ ತೂಕ ಎಷ್ಟು ಅನ್ನುವ ಲೆಕ್ಕವೇ ಆ ಕಥೆ. ವೈರ್‌ಲೆಸ್ ಸೆಟ್ಟು ಬ್ಯಾಟರಿ ಸೇರಿ 26 ಪೌಂಡ್, ಅಂದರೆ ಹತ್ತಿರ ಹತ್ತಿರ 12 ಕೆಜಿ. ಮೆಷಿನ್ ಗನ್ನು ಗುಂಡು ತುಂಬದೆಯೇ 23 ಪೌಂಡ್. ಲೆಫ್ಟಿನೆಂಟ್ ಜಿಮ್ಮಿ ಕ್ರಾಸ್ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಚೀಲದ ತಳದಲ್ಲಿಟ್ಟುಕೊಂಡ, ಮಾರ್ಥಾ ಎಂಬ ಹುಡುಗಿಯ ಕಾಗದಗಳು 10 ಔನ್ಸ್, ಅಂದರೆ ಸುಮಾರು 280 ಗ್ರಾಂ.

ಟೆಡ್ ಲ್ಯಾವೆಂಡರ್ ಎಂಬ ಹುಡುಗನ ಹತ್ತಿರ ಗ್ರೆನೇಡ್ ಲಾಂಚರ್ ಇದೆ. ಅದರಿಂದ ಹಾರಿಸುವ ಒಂದೊಂದು ಸುತ್ತು (ಗುಂಡು) 10 ಔನ್ಸ್. ಮಿಕ್ಕವರು ಸಾಮಾನ್ಯವಾಗಿ 25 ಸುತ್ತು ಒಯ್ಯುತ್ತಾರೆ, ಇವನು 34. ಲೇಖಕ ‘ಹೆದರಿದ್ದ’ ಅಂತ ಒಂದೇ ಮಾತು ಹೇಳಿ ಸುಮ್ಮನಾಗುತ್ತಾನೆ. ಉಳಿದದ್ದನ್ನು ನೀನು ಲೆಕ್ಕ ಹಾಕು: ಹೆಚ್ಚಿಗೆ ಹೊತ್ತ ಒಂಬತ್ತು ಸುತ್ತು, ತೊಂಬತ್ತು ಔನ್ಸ್, ಸುಮಾರು ಎರಡೂವರೆ ಕೆಜಿ. ಆ ಹುಡುಗನ ಹೆದರಿಕೆಯ ತೂಕ ಅದು. ಅವನು ಸಾಯುವುದು ದೊಡ್ಡ ಕಾಳಗದಲ್ಲಲ್ಲ, ಮೂತ್ರಕ್ಕೆ ಹೋಗಿ ವಾಪಸು ಬರುವಾಗ. ಅಷ್ಟೂ ಭಾರದ ಸಮೇತ ಬೀಳುತ್ತಾನೆ. ಜೊತೆಗಾರ ಕಿಯೋವಾ ಅವನು ಬಿದ್ದ ರೀತಿಯನ್ನೇ ಮತ್ತೆ ಮತ್ತೆ ಹೇಳುತ್ತಾನೆ, ಸಿಮೆಂಟು ಬಿದ್ದ ಹಾಗೆ ಬಿದ್ದ ಅಂತ. ಆ ಹೊತ್ತಿನಲ್ಲಿ ಮಾರ್ಥಾಳ ಗುಂಗಿನಲ್ಲಿದ್ದ ಕ್ರಾಸ್ ಮಾರನೆ ದಿನ ಕಾಗದಗಳನ್ನು ಸುಡುತ್ತಾನೆ. 10 ಔನ್ಸ್ ಇಳಿಯಿತು, ತಪ್ಪು ತನ್ನದು ಅನ್ನುವುದು ಇಳಿಯಲಿಲ್ಲ.

ಈಗ ನಿನ್ನ ಹವಾಲ್ದಾರನ ವಿಷಯಕ್ಕೆ ಬರುತ್ತೇನೆ. ಅವನನ್ನು ಸ್ಯಾಪರ್, ಅಂದರೆ ಮೈನ್ ಹೂಳುವ ತೆಗೆಯುವ ಎಂಜಿನಿಯರ್ ದಳದ ಸೈನಿಕ, ಮಾಡಿ, 2002ರಲ್ಲಿ ರಾಜಸ್ಥಾನದ ಗಡಿಯಲ್ಲಿದ್ದ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಕಥೆ ಇರುವುದೇ ಅಲ್ಲಿ, ಮಾರಾಯ! 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಆಪರೇಷನ್ ಪರಾಕ್ರಮ್ ಶುರುವಾಗಿ ಸೇನೆ ಗಡಿಯಲ್ಲಿ ನಿಂತಿತು, ಗಡಿಯ ಹೊಲಗಳಲ್ಲಿ ಮೈನ್, ಅಂದರೆ ನೆಲಬಾಂಬು, ಹೂತರು. ಯುದ್ಧ ಆಗಲಿಲ್ಲ. ಹೂತದ್ದನ್ನೆಲ್ಲ ತೆಗೆಯಬೇಕಾಯಿತು. ಹೂಳುವಾಗಲೂ ತೆಗೆಯುವಾಗಲೂ ಸೈನಿಕರು ಸತ್ತರು, ಕಾಲು ಕಳೆದುಕೊಂಡರು. ಮಳೆಗೆ ಮಣ್ಣು ಸರಿದರೆ, ಗಾಳಿಗೆ ಮರಳು ತೂರಿಕೊಂಡರೆ ಮೈನ್ ನಕ್ಷೆಯಲ್ಲಿ ತೋರಿಸಿದಲ್ಲಿ ಇರುವುದಿಲ್ಲ. ಮೇಲೆ ಹುಲ್ಲು ಬೆಳೆದರೆ ಗುರುತೂ ಸಿಗದು.

ಕೈಯಿಂದ ಹುಡುಕುವ ಕ್ರಮ ಹೀಗೆ. ನೆಲಕ್ಕೆ ಬಗ್ಗಿ ಅಥವಾ ಹೊಟ್ಟೆಯ ಮೇಲೆ ಮಲಗಿ, ಚೂಪಾದ ಸರಳನ್ನು ಸುಮಾರು 30 ಡಿಗ್ರಿ ಓರೆಯಾಗಿ ಮಣ್ಣಿಗೆ ಮೆಲ್ಲಗೆ ತೂರಿಸಬೇಕು. ನೆಟ್ಟಗೆ ಚುಚ್ಚಿದರೆ ತುದಿ ಮೈನಿನ ತಲೆಗೇ ಒತ್ತುತ್ತದೆ, ಒತ್ತಡ ಬಿದ್ದರೆ ಸಿಡಿಯುವುದು ಅಲ್ಲೇ. ಓರೆಯಾಗಿ ಹೋದರೆ ಪಕ್ಕೆಗೆ ತಾಗುತ್ತದೆ. ಏನಾದರೂ ಗಟ್ಟಿಯಾಗಿ ತಗುಲಿದರೆ ಕೈ ನಿಲ್ಲಿಸಬೇಕು, ಬದಿಯಿಂದ ಮಣ್ಣು ಬಿಡಿಸಬೇಕು. ಕಲ್ಲಾಗಿದ್ದರೆ ಮುಂದಕ್ಕೆ ಕೆಲವೇ ಸೆಂಟಿಮೀಟರ್ ಜರುಗಿ ಮತ್ತೆ ಅದೇ ಕೆಲಸ. ದಿನಗಟ್ಟಲೆ ಹೀಗೆ ಮಾಡಿದ ಕೈ ಊರಿಗೆ ಬಂದು ಶೇಂಗಾ ಹೊಲದಲ್ಲಿ ಕಳೆ ತೆಗೆಯಲು ಕೂತರೆ ಏನಾಗುತ್ತದೆ? ಕುಡುಗೋಲಿನ ಮೊನೆ ಕಲ್ಲಿಗೆ ತಾಗಿ ‘ಟಕ್’ ಅಂದಾಗ ಕೈ ತಾನಾಗಿ ನಿಲ್ಲುತ್ತದೆ. ಪಕ್ಕದ ಸಾಲಿನ ಹೆಂಗಸರು ಹತ್ತು ಮಾರು ಮುಂದೆ ಹೋಗಿರುತ್ತಾರೆ. ‘ಮಿಲ್ಟ್ರಿಗೆ ಹೋಗಿ ಮೈಗಳ್ಳ ಆಗಿ ಬಂದ’ ಅಂತ ಒಬ್ಬಳು ಅನ್ನಲಿ, ಸಾಕು. ಪಟಾಕಿ ಬೇಡ. ಪಟಾಕಿಗೆ ಬೆಚ್ಚುವವರು ನಿಜಕ್ಕೂ ಇದ್ದಾರೆ, ಆದರೆ ಅದು ಯಾವ ಸೈನಿಕನಿಗಾದರೂ ಹೊಂದುತ್ತದೆ. ಕುಡುಗೋಲಿನ ಸದ್ದು ಇವನೊಬ್ಬನಿಗೇ.

ಎರಡನೆಯ ದೋಷ ಹೇಳಿಕೊಂಡು ಹಗುರಾಗುವುದು. ಯುದ್ಧದ ಒಳ್ಳೆಯ ಕಥೆಗಳಲ್ಲಿ ಹೇಳಲು ಹೊರಟವನಿಗೆ ಕೇಳುವವರೇ ಸಿಗುವುದಿಲ್ಲ. ಹೆಮಿಂಗ್ವೇಯ ‘ಸೋಲ್ಜರ್ಸ್ ಹೋಮ್’ 1925ರದ್ದು. ಅದರ ಕ್ರೆಬ್ಸ್ ಮೊದಲ ಮಹಾಯುದ್ಧದಿಂದ ಊರಿಗೆ ಬರುವುದು 1919ರ ಬೇಸಿಗೆಯಲ್ಲಿ, ಮೆರವಣಿಗೆ ಹಾರತುರಾಯಿ ಎಲ್ಲ ಮುಗಿದ ಮೇಲೆ. ಭೀಕರ ಕಥೆಗಳನ್ನು ಜನ ಆಗಲೇ ಕೇಳಿಯಾಗಿದೆ. ತನ್ನ ಮಾತಿಗೆ ಕಿವಿ ಕೊಡಲಿ ಅಂತ ಅವನು ಸುಳ್ಳು ಬೆರೆಸುತ್ತಾನೆ, ಬೆರೆಸುತ್ತ ಬೆರೆಸುತ್ತ ತನ್ನ ನಿಜವಾದ ನೆನಪಿನ ಮೇಲೇ ಹೇಸಿಗೆ ಹುಟ್ಟುತ್ತದೆ. ತಿಂಡಿಯ ಹೊತ್ತಿಗೆ ತಾಯಿ ಕೆಲಸದ ಮಾತು, ದೇವರ ಮಾತು ತೆಗೆದಾಗ ಅವನು ತಟ್ಟೆಯಲ್ಲಿ ಹಂದಿಮಾಂಸದ ಕೊಬ್ಬು ಹೆಪ್ಪುಗಟ್ಟುವುದನ್ನೇ ನೋಡುತ್ತಾನೆ. ಒಳಗೆ ಏನಾಗುತ್ತಿದೆ ಅಂತ ಲೇಖಕ ಬಾಯಿಬಿಟ್ಟು ಹೇಳುವುದಿಲ್ಲ.

ಓಬ್ರಿಯೆನ್‌ನ ಅದೇ ಪುಸ್ತಕದಲ್ಲಿ ವಿಯೆಟ್ನಾಂನಿಂದ ಊರಿಗೆ ಬಂದ ನಾರ್ಮನ್ ಬೌಕರ್ ಕೂಡ ಹಾಗೆಯೇ. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ಸಂಜೆ ಅಪ್ಪನ ಕಾರಿನಲ್ಲಿ ಊರಿನ ಕೆರೆಯನ್ನು ಸುತ್ತುತ್ತಾನೆ. ಒಂದು ಸುತ್ತಿಗೆ ಏಳು ಮೈಲಿ, ಮತ್ತೆ ಮತ್ತೆ ಅದೇ ದಾರಿ. ಸಿಕ್ಕ ಏಳು ಪದಕಗಳ ಬಗ್ಗೆ, ಸಿಗದ ಒಂದರ ಬಗ್ಗೆ, ಕೆಸರಲ್ಲಿ ಮುಳುಗಿಹೋದ ಕಿಯೋವಾನ ಬಗ್ಗೆ ಅಪ್ಪನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಾನೆ. ಕೊನೆಗೆ ‘ಏನು ಬೇಕು, ಹೇಳಪ್ಪ’ ಅಂತ ಕೇಳುವುದು ಹೋಟೆಲಿನ ಹೊರಗಿನ ಆರ್ಡರ್ ಡಬ್ಬಿಯೊಳಗಿನ ದನಿ. ಬೌಕರ್ ಬಾಯಿ ತೆರೆದು, ಏನಿಲ್ಲ ಅಂದುಬಿಡುತ್ತಾನೆ.

ನಿನ್ನ ಹವಾಲ್ದಾರನನ್ನು ಊರವರು ಏನೆಂದು ಕೇಳುತ್ತಾರೆ? ‘ಎಷ್ಟು ಜನರನ್ನ ಹೊಡೆದೆ?’ ಇಲ್ಲವೇ ‘ಕ್ಯಾಂಟೀನ್ ರಮ್ ತಂದಿದ್ದೀಯಾ?’ ಎರಡಕ್ಕೂ ಅವನು ಉತ್ತರ ಕೊಡಬಲ್ಲ. ಕಾಲು ಹೋದ ಗೆಳೆಯನ ಸುದ್ದಿಯನ್ನು ಯಾರೂ ಕೇಳುವುದಿಲ್ಲ. ಶತ್ರು ಎದುರಿಗೆ ಬರಲೇ ಇಲ್ಲ, ಮೈನು ನಮ್ಮದೇ. ಇದನ್ನು ಯಾವ ಕಟ್ಟೆಯ ಮೇಲೆ ಕೂತು ಹೇಳಬೇಕು ಅವನು?

ಡಾಕ್ಟರನ್ನು ತರಬೇಕೆಂದಿದ್ದರೆ ಕಾಲ ಸರಿಯಾಗಿರಲಿ. ಯುದ್ಧದಿಂದ ಮನಸ್ಸಿಗಾಗುವ ಈ ಗಾಯಕ್ಕೆ ‘ಶೆಲ್ ಶಾಕ್’ ಅನ್ನುವ ಹೆಸರು 1915ರಲ್ಲಿ ವೈದ್ಯ ಪತ್ರಿಕೆಗೆ ಬಂತು. ಪಿಟಿಎಸ್‌ಡಿ (ಆಘಾತದ ನಂತರವೂ ಕಾಡುವ ಮಾನಸಿಕ ತೊಂದರೆ) ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಹೆಸರು ಸಿಕ್ಕಿತೆಂದು ಹೊರೆ ಇಳಿಯದು. ವರ್ಜೀನಿಯಾ ವುಲ್ಫ್‌ರ ‘ಮಿಸೆಸ್ ಡ್ಯಾಲೋವೇ’ ಕಾದಂಬರಿಯಲ್ಲಿ ಮೊದಲ ಮಹಾಯುದ್ಧದಿಂದ ಬಂದ ಸೆಪ್ಟಿಮಸ್ ತನ್ನ ಅಧಿಕಾರಿ, ಗೆಳೆಯ ಇವಾನ್ಸ್ ಸತ್ತಾಗ ತನಗೇನೂ ಅನ್ನಿಸಲಿಲ್ಲವೆಂದು ಹೆಮ್ಮೆಪಟ್ಟಿರುತ್ತಾನೆ. ಯುದ್ಧ ಮುಗಿದ ಮೇಲೆ ಆ ‘ಏನೂ ಅನ್ನಿಸದಿರುವುದು’ ಅವನನ್ನು ಬಿಡುವುದಿಲ್ಲ. ಒಬ್ಬ ಡಾಕ್ಟರು ನಿನಗೇನೂ ಆಗಿಲ್ಲ ಅನ್ನುತ್ತಾನೆ, ಇನ್ನೊಬ್ಬ ವಿಶ್ರಾಂತಿಗೆಂದು ಮನೆಯಿಂದ ದೂರ ಇಡಲು ಹೊರಡುತ್ತಾನೆ. ನಿನ್ನ ಕಥೆಯಲ್ಲಿ ಅಳು ತುಂಬ ಬೇಗ ಬರುತ್ತದೆ. ಮರಗಟ್ಟಿದ್ದು ಮೊದಲು ಬರಲಿ: ಮಗಳ ನಾಮಕರಣದಲ್ಲಿ ಎಲ್ಲರೂ ನಗುವಾಗ ತಾನೂ ನಗಬೇಕೆಂದು ನೆನಪಿಸಿಕೊಂಡು ನಗುವವನನ್ನು ಬರೆ.

ಇದೆಲ್ಲ ಹೊರಗಿನ ಸರಕು ಅನ್ನಿಸಿದರೆ ರನ್ನನ ‘ಗದಾಯುದ್ಧ’ ತೆಗೆ. ಸಂಜಯನ ಜೊತೆ ರಣಭೂಮಿಯಲ್ಲಿ ನಡೆಯುವ ದುರ್ಯೋಧನ ಒಂದೊಂದು ಹೆಣದ ಮುಂದೆ ನಿಲ್ಲುತ್ತಾನೆ. ಮಗ ಲಕ್ಷಣಕುಮಾರನ ಮುಂದೆ ನಿಂತು, ಮಗ ಅಪ್ಪನಿಗೆ ತರ್ಪಣ ಬಿಡುವುದು ಸರಿ, ನಾನು ನಿನಗೆ ಬಿಡುವಂತಾಯಿತಲ್ಲ, ಕ್ರಮ ತಪ್ಪಿಸಿದೆಯಲ್ಲ ಅನ್ನುತ್ತಾನೆ. ದುಶ್ಶಾಸನನ ಮುಂದೆಯೂ ಅದೇ ಲೆಕ್ಕ: ತಾಯ ಹಾಲು ಕುಡಿದದ್ದು ನಾನು ಮೊದಲು, ಆಮೇಲೆ ನೀನು, ಸಾವಿನಲ್ಲಿ ಮಾತ್ರ ನೀನು ಮುಂದಾದೆ. ಬದುಕಿ ಉಳಿದವನ ತಪ್ಪಿತಸ್ಥ ಭಾವವನ್ನು ಸಾವಿರ ವರ್ಷದ ಹಿಂದೆ ನಮ್ಮ ಕವಿ ಸರದಿ ತಪ್ಪಿದ ಲೆಕ್ಕವಾಗಿ ಇಟ್ಟಿದ್ದಾನೆ. ನಿನ್ನ ಹವಾಲ್ದಾರನಿಗೂ ಒಂದು ಸರದಿ ಕೊಡು. ಅವತ್ತು ಮೈನ್ ಹುಡುಕುವ ಆ ನೆಲದ ಪಟ್ಟಿಯಲ್ಲಿ ಸರಳು ಹಿಡಿಯಬೇಕಿದ್ದವನು ಇವನು, ಚಹಾ ಕುಡಿದು ಬರ್ತೀನಿ ಅಂತ ಗೆಳೆಯನಿಗೆ ಬಿಟ್ಟುಕೊಟ್ಟ. ಇದು ತಪ್ಪೇ? ಅಲ್ಲ. ಯಾರು ಹಾಗೆಂದು ಹೇಳಿದರೂ ಅವನು ನಂಬುವುದಿಲ್ಲ. ಯಾಕೆಂದರೆ ಆ ಚಹಾ ಚೆನ್ನಾಗಿತ್ತು ಅನ್ನುವುದು ಅವನಿಗೆ ನೆನಪಿದೆ.

ಕೊನೆಯ ಪುಟ ತೆಗೆದುಹಾಕು. ಹೆಂಡತಿಗೆ ಅವನು ಏನೂ ಹೇಳದಿರಲಿ, ಆದರೆ ಅವಳಿಗೆ ಕಣ್ಣಿದೆಯಲ್ಲ. ಬ್ಯಾಂಕಿನ ಸೆಕ್ಯುರಿಟಿ ಕೆಲಸಕ್ಕೆ ಹೊರಟಾಗ ಮನೆ ಮುಂದೆ ಹೊಸದಾಗಿ ಮಣ್ಣು ಹಾಕಿದ ಜಾಗ ಬಿಟ್ಟು ಅವನು ಬಳಸಿ ಹೋಗುತ್ತಾನೆ. ಕೆಲವು ದಿನಗಳ ನಂತರ ಅವಳೂ ಬಳಸಿ ನಡೆಯತೊಡಗುತ್ತಾಳೆ, ಮಗಳಿಗೂ ಹಾಗೇ ಹೇಳಿಕೊಡುತ್ತಾಳೆ. ಆ ಭಾಗವನ್ನು ಅವಳ ಕಡೆಯಿಂದ ಮೊದಲು ಬರೆ, ಬರೆದ ತಕ್ಷಣ ಕಳಿಸು.

ನಿನ್ನ,
ರಘು