ಇಪ್ಪತ್ತೈದು ಭಾನುವಾರಗಳ ಋಣ

ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಹಳೇ ಘೆಟ್ಟೋದಲ್ಲಿ ನಾವು ಮಾಡುವ ಭಾನುವಾರದ ಕನ್ನಡ ನಡಿಗೆಗೆ ಕಳೆದ ವಾರ ಇಪ್ಪತ್ತೈದು ತುಂಬಿತು. ಹದಿನಾಲ್ಕು ಜನ ಬಂದಿದ್ದರು. ಇಬ್ಬರಂತೂ ವಾರ್ಸಾದಿಂದ ಬೆಳಿಗ್ಗೆ ರೈಲು ಹತ್ತಿ ಬಂದಿದ್ದರು. ಕೊನೆಯಲ್ಲಿ ಎಲ್ಲರಿಗೂ ನಾಲ್ಕು ಮಾತು ಹೇಳಬೇಕು ಅಂದುಕೊಂಡಿದ್ದೆ. ಆ ಗಾಳಿಗೆ ಬಾಯಿ ತೆರೆದರೆ ಹಲ್ಲು ಕಟಕಟ ಅನ್ನುತ್ತಿತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ನಾನಿರುವುದು ಪೋಲೆಂಡಿನ ವುಚ್‌ನಲ್ಲಿ. ನಮ್ಮವರು ಸ್ಪೆಲಿಂಗ್ ನೋಡಿ ಲೋಡ್ಜ್ ಅನ್ನುತ್ತಾರೆ, ಇಲ್ಲಿಯವರಿಗೆ ಅದು ವುಚ್. ಒಂದು ಕಾಲಕ್ಕೆ ಪೋಲೆಂಡಿನ ಮ್ಯಾಂಚೆಸ್ಟರ್. ನನ್ನೂರು ದಾವಣಗೆರೆ, ಅದನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದವರು. ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ, ಬಾಡಿಗೆ ಕಡಿಮೆ ಅಂತ ಬಾವುತಿ ಅನ್ನುವ ಕಡೆ ಮನೆ ಹಿಡಿದೆ. ಎಂಟು ತಿಂಗಳು ನಾನು ಓಡಾಡಿದ ಜಾಗ ಯಾವುದು ಅಂತಲೇ ನನಗೆ ಗೊತ್ತಿರಲಿಲ್ಲ. ಫುಟ್‌ಪಾತಿನ ಮೇಲೆ ಹಳೇ ಘೆಟ್ಟೋದ ಗಡಿಯ ಗುರುತು ಇತ್ತು. ನಾನು ಮೊಬೈಲ್ ನೋಡಿಕೊಂಡು ಅದನ್ನು ದಿನಾ ದಾಟುತ್ತಿದ್ದೆ.

ಕಣ್ಣು ತೆರೆಸಿದವರು ಕೆಳಗಿನ ಮನೆಯ ಅಜ್ಜಿ. ಮೊದಲ ಕೃತಜ್ಞತೆ ಅವರಿಗೆ. ನನ್ನ ಹರಕು ಮುರುಕು ಪೋಲಿಷ್ ಸಹಿಸಿಕೊಂಡು, ಒಂದು ಸಂಜೆ ಟೀ ಕೊಟ್ಟು ಹೇಳಿದರು: ಯುದ್ಧದ ಕಾಲದಲ್ಲಿ ಅವರ ತಾಯಿ ಕೆಲಸಕ್ಕೆ ಹೋಗುತ್ತಿದ್ದ ಟ್ರಾಮ್ ಘೆಟ್ಟೋದ ನಡುವೆಯೇ ಹೋಗುತ್ತಿತ್ತಂತೆ. ಅಲ್ಲಿ ನಿಲ್ಲುತ್ತಿರಲಿಲ್ಲ. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. "ಅಮ್ಮ ಏನು ಕಂಡಳು ಅಂತ ಯಾವತ್ತೂ ಹೇಳಲಿಲ್ಲ, ಬರೀ ಟ್ರಾಮಿನ ಬಗ್ಗೆ ಹೇಳುತ್ತಿದ್ದಳು" ಅಂದರು.

ಮಾರನೇ ದಿನ ಜ್ಗೆರ್ಸ್ಕಾ ರಸ್ತೆಗೆ ಹೋಗಿ ನಿಂತೆ. ನಮ್ಮ ಜೊತೆ ನಡೆದವರಿಗೆಲ್ಲ ಆ ಜಾಗ ಗೊತ್ತು. ಯುದ್ಧಕ್ಕೆ ಮುಂಚೆ ಈ ಊರಿನಲ್ಲಿ ಮೂರರಲ್ಲಿ ಒಬ್ಬರು ಯಹೂದಿ. 1940ರ ಫೆಬ್ರವರಿಯಲ್ಲಿ ನಾಜಿಗಳು ಅವರನ್ನೆಲ್ಲ ಬಾವುತಿಗೆ ತುಂಬಲು ಶುರು ಮಾಡಿದರು, ಏಪ್ರಿಲ್ 30ಕ್ಕೆ ಬಾಗಿಲು ಹಾಕಿದರು. ಸುಮಾರು ನಾಲ್ಕು ಚದರ ಕಿಲೋಮೀಟರಿನಲ್ಲಿ 1,60,000ಕ್ಕೂ ಜಾಸ್ತಿ ಜನ. ಎರಡು ದೊಡ್ಡ ರಸ್ತೆಗಳು ಮಾತ್ರ ಹೊರಗಿನವರಿಗೆ. ಹಾಗಾಗಿ ಘೆಟ್ಟೋ ಮೂರು ತುಂಡಾಯಿತು. ತುಂಡುಗಳನ್ನು ಸೇರಿಸಲು ರಸ್ತೆಯ ಮೇಲೆ ಮೂರು ಮರದ ಸೇತುವೆ. ಜ್ಗೆರ್ಸ್ಕಾ ಮೇಲಿನ ಒಂದು, ಚರ್ಚಿನ ಪಕ್ಕದಲ್ಲೇ ಇತ್ತು. ಹಸಿವಿನಿಂದ ಕಾಲು ಬಾತವರು ಒಂದೊಂದೇ ಮೆಟ್ಟಿಲು ಹತ್ತಬೇಕು, ಕೆಳಗೆ ಟ್ರಾಮ್ ಹೋಗುತ್ತಿರಬೇಕು. ಈಗ ಸೇತುವೆ ಇಲ್ಲ, ಟ್ರಾಮ್ ಇದೆ. ಅಲ್ಲಿ ನಿಂತಾಗ ನಾವು ಒಂದು ಟ್ರಾಮ್ ಹೋಗುವವರೆಗೆ ಸುಮ್ನೆ ಇರುತ್ತೇವೆ.

ಎರಡನೇ ಥ್ಯಾಂಕ್ಸ್, ನನ್ನ ತಪ್ಪು ತಿದ್ದಿದ ಹುಡುಗಿಗೆ. ಇಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ, ಹೆಸರು ಬೇಡ ಅಂದಿದ್ದಾಳೆ. ಮೊದಲ ನಡಿಗೆಯಲ್ಲಿ ನಾನು ದೊಡ್ಡ ತಿಳಿದವನ ಹಾಗೆ, "ನಮಗೂ ಲಾಕ್‌ಡೌನ್‌ನಲ್ಲಿ ಸ್ವಲ್ಪ ಹೀಗೇ ಆಗಿತ್ತಲ್ವಾ" ಅಂದುಬಿಟ್ಟೆ. ಅವಳು ತಣ್ಣಗೆ ಕೇಳಿದಳು: "ಅಣ್ಣಾ, ಲಾಕ್‌ಡೌನ್‌ನಲ್ಲಿ ಆಲೂಗಡ್ಡೆ ಸಿಪ್ಪೆಗೆ ಡಾಕ್ಟರ್ ಚೀಟಿ ಬೇಕಿತ್ತಾ?"

ಇಲ್ಲಿ ಬೇಕಿತ್ತು. ಘೆಟ್ಟೋದ ಅಡುಗೆಮನೆಗಳಲ್ಲಿ ಉಳಿದ ಸಿಪ್ಪೆಯನ್ನು ಡಾಕ್ಟರ್ ಬರೆದುಕೊಟ್ಟವರಿಗೆ ಕೊಡುತ್ತಿದ್ದರು. ಅದನ್ನು ತೊಳೆದು, ಅರೆದು, ತಟ್ಟಿ ಬೇಯಿಸಿಕೊಳ್ಳುತ್ತಿದ್ದರು. ವಾರ್ಸಾ ಘೆಟ್ಟೋಗೆ ಚರಂಡಿಯ ಒಳಗಿಂದ ಕಳ್ಳದಾರಿಯಲ್ಲಿ ಆಹಾರ ಬರುತ್ತಿತ್ತು. ಬಾವುತಿಯಲ್ಲಿ ಒಳಚರಂಡಿಯೇ ಇರಲಿಲ್ಲ. ಮಲದ ಗಾಡಿಗಳನ್ನು ಮನುಷ್ಯರೇ ಎಳೆಯುತ್ತಿದ್ದರು. ದುಡ್ಡು ಕೂಡ ಘೆಟ್ಟೋದ್ದೇ ಬೇರೆ, ಹೊರಗೆ ಅದಕ್ಕೆ ಬೆಲೆ ಇಲ್ಲ. ಹಸಿವು, ಕಾಯಿಲೆಯಲ್ಲೇ ನಲವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಲಾಕ್‌ಡೌನ್ ಹೋಲಿಕೆ ಅವತ್ತಿಗೆ ಮುಗಿಯಿತು. ಇನ್ನೊಂದು ವಿಷಯ: ಆ ದಿನ ನಡಿಗೆ ಮುಗಿದ ಮೇಲೆ ತಿನ್ನೋಣ ಅಂತ ಮಂಡಕ್ಕಿ ಒಗ್ಗರಣೆ ಹಾಕಿಕೊಂಡು ಹೋಗಿದ್ದೆ. ಯಾರೂ ಮುಟ್ಟಲಿಲ್ಲ. ಅಂದಿನಿಂದ ಮೊದಲೇ ತಿಂದು ಹೊರಡುತ್ತೇವೆ.

ಒಂಬತ್ತನೇ ನಡಿಗೆಯಲ್ಲಿ ಅರ್ಧಕ್ಕೇ ಹೊರಟುಹೋದ ತಂದೆಯೊಬ್ಬರಿಗೂ ನಾನು ಋಣಿ. ಅಗ್ನಿಶಾಮಕ ದಳದ ಹಳೇ ಅಂಗಳದಲ್ಲಿ ನಿಂತಿದ್ದೆವು. 1942ರ ಸೆಪ್ಟೆಂಬರ್ 4ರಂದು ಘೆಟ್ಟೋದ ಯಹೂದಿ ಮುಖ್ಯಸ್ಥ ರುಮ್ಕೊವ್ಸ್ಕಿ ಅಲ್ಲಿ ನಿಂತು, ಹತ್ತು ವರ್ಷದೊಳಗಿನ ಮಕ್ಕಳನ್ನು ಒಪ್ಪಿಸಿ ಅಂತ ಹೆತ್ತವರನ್ನು ಕೇಳಿಕೊಂಡ. 65 ದಾಟಿದ ಮುದುಕರನ್ನೂ. ಕೆಲಸ ಮಾಡುವವರು ಉಳಿಯುತ್ತಾರೆ ಅನ್ನುವುದು ಅವನ ಲೆಕ್ಕ. ಇಡೀ ಘೆಟ್ಟೋ ಜರ್ಮನ್ ಸೈನ್ಯಕ್ಕೆ ಸಮವಸ್ತ್ರ ಹೊಲಿಯುತ್ತಿತ್ತು. ಒಂದು ವಾರ ಯಾರೂ ಮನೆಯಿಂದ ಹೊರಬರುವ ಹಾಗಿರಲಿಲ್ಲ. ಮನೆ ಮನೆ ಹೊಕ್ಕು 15,000ಕ್ಕೂ ಹೆಚ್ಚು ಜನರನ್ನು ಎಳೆದೊಯ್ದರು. ಅವರನ್ನು ಹೆಲ್ಮ್ನೊ ಅನ್ನುವ ಕೊಲೆ ಶಿಬಿರದಲ್ಲಿ, ವಿಷದ ಹೊಗೆ ತುಂಬುವ ವ್ಯಾನುಗಳಲ್ಲಿ ಕೊಂದರು. ಇದನ್ನು ಹೇಳುವಾಗ ಆ ತಂದೆ ತಮ್ಮ ಆರು ವರ್ಷದ ಮಗನ ಕಿವಿ ಮುಚ್ಚಿ, ಎತ್ತಿಕೊಂಡು ಹೋಗಿಬಿಟ್ಟರು. ನನಗೆ ಬೇಜಾರಾಯಿತು. ಮೂರು ವಾರ ಬಿಟ್ಟು ಒಬ್ಬರೇ ಬಂದು, "ಉಳಿದದ್ದು ಹೇಳಿ" ಅಂದರು.

ರುಮ್ಕೊವ್ಸ್ಕಿ ಬಗ್ಗೆ ನಮ್ಮಲ್ಲಿ ಪ್ರತಿ ಸಲ ಜಗಳ. ನನಗೂ ಅವನ ಮೇಲೆ ಸಿಟ್ಟಿದೆ. ಆದರೆ ಅವನ ಹೆಸರು ಎಲ್ಲರಿಗೂ ಗೊತ್ತು, ಅವನಿಗೆ ಅಪ್ಪಣೆ ಕೊಡುತ್ತಿದ್ದ ಹನ್ಸ್ ಬೀಬೋ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಬ್ರೆಮೆನ್ನಿನ ಕಾಫಿ ವ್ಯಾಪಾರಿ, ಘೆಟ್ಟೋದ ಜರ್ಮನ್ ಆಡಳಿತ ಅವನದ್ದು. 1947ರಲ್ಲಿ ಇದೇ ಊರಿನಲ್ಲಿ ಗಲ್ಲಿಗೇರಿದ. ಜಗಳ ಆಡುವುದಾದರೆ ಅವನಿಂದ ಶುರು ಮಾಡೋಣ ಅನ್ನುವುದು ನನ್ನ ಹಟ.

ಇನ್ನು, ಹೇಳಿದರೆ ಕೇಳಿಸದವರಿಗೆ ಹೇಳಬೇಕಾದದ್ದು. ಘೆಟ್ಟೋದೊಳಗೆ ಡೈರಿ ಬರೆಯುತ್ತಿದ್ದ ದಾವಿದ್ ಶೆರಾಕೊವ್ಯಾಕ್ ಅನ್ನುವ ಹುಡುಗನಿಗೆ. ಆ ಸೆಪ್ಟೆಂಬರಿನಲ್ಲಿ ಅವನ ಅಮ್ಮನನ್ನು ಒಯ್ದದ್ದನ್ನೂ ಅವನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಹತ್ತೊಂಬತ್ತಕ್ಕೆ, 1943ರ ಆಗಸ್ಟಿನಲ್ಲಿ ತೀರಿಹೋದ. ಅವನ ಐದು ನೋಟ್‌ಬುಕ್ ಉಳಿದವು. ಬೇರೆ ಕೆಲವು ಯಾರದೋ ಒಲೆಗೆ ಹೋಗಿದ್ದವು.

ಮತ್ತೆ ಹೆನ್ರಿಕ್ ರಾಸ್‌ಗೆ. ಘೆಟ್ಟೋ ಕಚೇರಿಯ ಫೋಟೋಗ್ರಾಫರ್. ಗುರುತಿನ ಚೀಟಿಗೆ ಫೋಟೋ ತೆಗೆಯುವುದು ಅವನ ನೌಕರಿ. ಹಲವರನ್ನು ಒಟ್ಟಿಗೆ ನಿಲ್ಲಿಸಿ ಒಂದೇ ನೆಗೆಟಿವ್‌ನಲ್ಲಿ ತೆಗೆದು, ಉಳಿಸಿದ ಫಿಲ್ಮಿನಲ್ಲಿ ಕದ್ದು ಬೇರೆ ಫೋಟೋ ತೆಗೆಯುತ್ತಿದ್ದ. ಕ್ಯಾಮೆರಾ ಕೋಟಿನ ಒಳಗೆ. 1944ರ ಆಗಸ್ಟಿನಲ್ಲಿ ಉಳಿದವರನ್ನು ರಾಡೆಗಾಸ್ಟ್ ಸ್ಟೇಷನ್ನಿನಿಂದ ಇನ್ನೊಂದು ಕೊಲೆ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಿದರು. ಸಾಮಾನು ಎತ್ತಲು ಉಳಿಸಿಕೊಂಡ ಕೆಲವು ನೂರು ಜನರಲ್ಲಿ ರಾಸ್ ಒಬ್ಬ. ಅವರಿಗಾಗಿ ಸ್ಮಶಾನದ ಗೋಡೆ ಪಕ್ಕ ಗುಂಡಿ ತೋಡಿಸಿಟ್ಟಿದ್ದರು. ಕೊಲ್ಲುವ ಮೊದಲೇ, 1945ರ ಜನವರಿ 19ಕ್ಕೆ ರಷ್ಯನ್ನರು ಬಂದರು. ಗುಂಡಿಗಳು ಇವತ್ತಿಗೂ ಹಾಗೇ ಇವೆ, ಒಳಗೆ ಹುಲ್ಲು ಬೆಳೆದಿದೆ.

ರಾಸ್ ಮಾತ್ರ ಇನ್ನೊಂದು ಗುಂಡಿಗೆ ಹೋದ. ಸುಮಾರು 6,000 ನೆಗೆಟಿವ್ ಪೆಟ್ಟಿಗೆಯಲ್ಲಿಟ್ಟು ಹೂತಿದ್ದ. ಅಗೆದು ತೆಗೆದಾಗ ಅರ್ಧದಷ್ಟು ನೀರಿಗೆ ಹಾಳಾಗಿತ್ತು. ಉಳಿದ ಎಷ್ಟೋ ಚಿತ್ರಗಳ ಅಂಚು ಗೆದ್ದಲು ತಿಂದ ಹಾಗೆ ಕರಗಿದೆ. ಸೇತುವೆಯ ಮೇಲಿನ ಜನರನ್ನು ನಾನು ಮೊದಲು ನೋಡಿದ್ದು ಅಂಥ ಫೋಟೋಗಳಲ್ಲಿ.

ಕೊನೆಗೆ ಅವ್ವನಿಗೆ. ಪ್ರತಿ ಭಾನುವಾರ ರಾತ್ರಿ ಫೋನ್ ಮಾಡಿ "ಇವತ್ತು ಎಷ್ಟು ಜನ ಬಂದಿದ್ರಪ್ಪಾ?" ಅನ್ನುತ್ತಾಳೆ. ಇಲ್ಲಿ ಯಹೂದಿ ಸ್ಮಶಾನದಲ್ಲಿ ಹೂವಲ್ಲ, ಸಮಾಧಿಯ ಮೇಲೆ ಕಲ್ಲಿಡುತ್ತಾರೆ ಅಂತ ಒಮ್ಮೆ ಹೇಳಿದ್ದೆ. ಹೋದ ತಿಂಗಳು ಗೆಳೆಯನ ಕೈಲಿ ಚಟ್ನಿಪುಡಿ ಕಳಿಸಿದಳು. ಪೊಟ್ಟಣದ ಪಕ್ಕ ಒಂದು ಸಣ್ಣ ಬಟ್ಟೆಗಂಟು. ಬಿಚ್ಚಿದರೆ ಹರಿಹರದ ಹೊಳೆಯ ಐದು ನುಣ್ಣನೆ ಕಲ್ಲು.

ಮುಂದಿನ ನಡಿಗೆ ಸ್ಮಶಾನದಿಂದ ರಾಡೆಗಾಸ್ಟ್‌ವರೆಗೆ. ಗಟ್ಟಿ ಶೂ ಹಾಕಿಕೊಂಡು ಬನ್ನಿ. ಕಲ್ಲು ನನ್ನ ಹತ್ತಿರ ಇವೆ.