ನಾಯಿಮನೆ ಎಂದರೆ ಬರೀ ಮುಂಭಾಗವಲ್ಲ

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬ್ರಿಟನ್ನಿನ ದೊಡ್ಡ ಎಸ್ಟೇಟುಗಳ ಹಳೇ ನಾಯಿಮನೆಗಳ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಿ 'ದುಡ್ಡಿದ್ದವರ ಹುಚ್ಚು' ಎಂದು ಮುಗಿಸಿದ್ದು ಸರಿ ಅನ್ನಿಸಲಿಲ್ಲ. ಕಟ್ಟಡ ಕಟ್ಟಿಸುವುದರಲ್ಲೇ ವಯಸ್ಸು ಕಳೆದವನು ನಾನು, ಅದಕ್ಕೇ ಈ ಪತ್ರ.

ಹುಚ್ಚು ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಸ್ಕಾಟ್ಲೆಂಡಿನ ಶಾಟ್ಲರೋ ಎಂಬ ಕಟ್ಟಡ ನೋಡಿ. ವಿಲಿಯಂ ಆಡಂ ವಿನ್ಯಾಸ ಮಾಡಿದ್ದು, 1744ರ ಹೊತ್ತಿಗೆ ಮುಗಿದದ್ದು. ಹ್ಯಾಮಿಲ್ಟನ್ ಡ್ಯೂಕ್ ಅದನ್ನು ಸುಮ್ನೆ 'ನಾಯಿಗೂಡು' ಎನ್ನುತ್ತಿದ್ದ. ನಾಯಿಗಳೂ ಅಲ್ಲಿದ್ದವು, ಸರಿ. ಆದರೆ ಆ ಉದ್ದನೆಯ ಮುಂಭಾಗ ಇದ್ದದ್ದು ಡ್ಯೂಕ್‌ನ ಅರಮನೆಯಿಂದ ನೋಡಿದಾಗ ಗುಡ್ಡದ ಮೇಲೆ ಚೆಂದ ಕಾಣಲಿ ಎಂದು. ಆಮೇಲೆ ಅರಮನೆಯೇ ಹೋಯಿತು. ಕಲ್ಲಿದ್ದಲು ಗಣಿಯಿಂದ ನೆಲ ಕುಸಿದು, 1920ರ ದಶಕದಲ್ಲಿ ಅದನ್ನು ಕೆಡವಿದರು. ನಾಯಿಗೂಡು ಉಳಿಯಿತು!

ಇಂಗ್ಲೆಂಡಿನ ಸಸೆಕ್ಸಿನಲ್ಲಿರುವ ಗುಡ್‌ವುಡ್ ಎಸ್ಟೇಟಿನ ನಾಯಿಮನೆಯ ಕತೆಯೇ ಬೇರೆ. ನಿಮ್ಮ ಲೇಖಕರು ಅದಕ್ಕೆ ಒಂದೇ ಸಾಲು ಕೊಟ್ಟಿದ್ದಾರೆ. 1787ರಲ್ಲಿ ಮೂರನೇ ರಿಚ್ಮಂಡ್ ಡ್ಯೂಕ್‌ಗಾಗಿ ಜೇಮ್ಸ್ ವ್ಯಾಟ್ ವಿನ್ಯಾಸ ಮಾಡಿದ ಕಟ್ಟಡ ಅದು. ಖರ್ಚು 6,000 ಪೌಂಡ್. ಹೊಲದ ಕೂಲಿಯವನಿಗೆ ವಾರಕ್ಕೆ ಹತ್ತು ಶಿಲಿಂಗ್ ಸಿಕ್ಕರೆ ಜಾಸ್ತಿ ಎನ್ನುವ ಕಾಲ, ಹಾಗಾಗಿ ಲೇಖಕರ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ದುಡ್ಡು ಎಲ್ಲಿಗೆ ಹೋಯಿತು ಅಂತಲೂ ನೋಡಬೇಕು ಅಲ್ವಾ?

ಅವು ಮಡಿಲಲ್ಲಿ ಮಲಗುವ ನಾಯಿಗಳಲ್ಲ. ನರಿ ಬೇಟೆಯ ಹಿಂಡು. ದಿನವಿಡೀ ಕೆಸರಲ್ಲಿ ಓಡಿ, ನೆನೆದು, ಸುಸ್ತಾಗಿ ಬರುತ್ತಿದ್ದವು. ಒದ್ದೆ ನೆಲದ ಮೇಲೆ ಮಲಗಿದರೆ ನಾಯಿ ಕುಂಟುತ್ತದೆ ಎಂದು ಬೇಟೆಗಾರರು ಆಗಲೇ ಹೇಳುತ್ತಿದ್ದರು. ವ್ಯಾಟ್ ಶುರು ಮಾಡಿದ್ದು ಅಲ್ಲಿಂದಲೇ. ಚಳಿಗೆ ಒಲೆಗಳಿಂದ ಕೋಣೆಗಳ ಗಾಳಿ ಬಿಸಿ ಮಾಡುವ ಏರ್ಪಾಡು, ಸೆಕೆಗೆ ಮೇಲ್ಗಡೆ ತಂಪು ಗಾಳಿಯ ಕಿಂಡಿಗಳು. ಮಲಗಲು ಬೇರೆ ಕೋಣೆ, ಉಣ್ಣಲು ಬೇರೆ. ತೊಳೆದ ನೀರು ಚರಂಡಿಯಲ್ಲಿ ಹರಿದು ಆಳದ ತೊಟ್ಟಿಗೆ ಬೀಳುತ್ತಿತ್ತು. ನೀರಿನ ಮಟ್ಟ ತೊಟ್ಟಿಯ ಬಾಯಿಗಿಂತ ಬಹಳ ಕೆಳಗೆ ಇರುತ್ತಿದ್ದರಿಂದ ವಾಸನೆ ಮೇಲೆ ಬರುತ್ತಿರಲಿಲ್ಲ. ನಾಯಿ ನೋಡಿಕೊಳ್ಳುವವನ ಮನೆಯೂ ಅದೇ ಕಟ್ಟಡದಲ್ಲಿ. ರಾತ್ರಿ ನಾಯಿಗಳು ಕಚ್ಚಾಡಿದರೆ ಅವನು ಅಲ್ಲೇ ಇರುತ್ತಿದ್ದ.

ಡ್ಯೂಕ್‌ನ ಸ್ವಂತ ಮನೆಗೆ ಇಂಥ ಬಿಸಿ ವ್ಯವಸ್ಥೆ ಬಂದದ್ದು ಸುಮಾರು ನೂರು ವರ್ಷ ತಡವಾಗಿ. ಆ ಮನೆಯನ್ನೂ ವ್ಯಾಟನೇ ದೊಡ್ಡದು ಮಾಡಲು ಹೊರಟಿದ್ದ. ಎಂಟು ಬದಿಯ ಯೋಜನೆ ಇತ್ತಂತೆ, ಕಟ್ಟಿದ್ದು ಮೂರೇ. ನಾಯಿಮನೆ ಮಾತ್ರ ಪೂರ್ತಿಯಾಯಿತು. (ಇದೇ ಡ್ಯೂಕ್ 1791ರಲ್ಲಿ ಬ್ರಿಟನ್ನಿನ ಭೂಮಾಪನ ಕೆಲಸ ಶುರು ಮಾಡಿಸಿದವನು. ಅಳತೆ ಎಂದರೆ ಇಷ್ಟಪಡುವ ಮನುಷ್ಯ ಎಂದು ಕಾಣುತ್ತದೆ.)

ಮಗಳ ಮನೆಗೆ ಹೋದಾಗ ಆ ನಾಯಿಮನೆಯನ್ನು ಹೊರಗಿನಿಂದ ನೋಡಿದ್ದೇನೆ. ಗೋಡೆ ಚಕಮಕಿ ಕಲ್ಲಿನದು. ಸುತ್ತಲಿನ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಹೇರಳವಾಗಿ ಸಿಗುವ ಕಲ್ಲು. ಒಡೆದ ಮುಖ ಹೊರಗೆ ಬರುವಂತೆ ಜೋಡಿಸಿದರೆ ಕಪ್ಪು ಗಾಜಿನ ಹಾಗೆ ಮಿಂಚುತ್ತದೆ. ಆದರೆ ಈ ಉಂಡೆ ಕಲ್ಲಿನಲ್ಲಿ ನೇರ ಮೂಲೆ ಬರುವುದಿಲ್ಲ. ಅದಕ್ಕೇ ಅಂಚುಗಳಿಗೆ ತಿಳಿ ಬಣ್ಣದ ಇಟ್ಟಿಗೆ. ನೋಡುವವರು ಅಲಂಕಾರ ಅಂದುಕೊಳ್ಳುತ್ತಾರೆ. ಮೇಸ್ತ್ರಿಗೆ ಅದು ಅನಿವಾರ್ಯ.

ಈಗ ಅದು ಎಸ್ಟೇಟಿನ ಕ್ಲಬ್. ಗಾಲ್ಫ್ ಆಡಿ ಬಂದವರು ಅಲ್ಲಿ ಕೂತು ಊಟ ಮಾಡುತ್ತಾರೆ. ನಾಯಿಗಳನ್ನು ಛೂಬಿಟ್ಟು ನರಿ ಬೇಟೆಯಾಡುವುದನ್ನು ಇಂಗ್ಲೆಂಡಿನಲ್ಲಿ 2005ರಿಂದ ನಿಷೇಧಿಸಲಾಗಿದೆ. ಒಳ್ಳೆಯದೇ ಆಯಿತು. ಬೇಟೆಯ ಪರ ವಕಾಲತ್ತು ನನ್ನದಲ್ಲ.

ಆದರೆ ನಮ್ಮೂರುಗಳಲ್ಲಿ ಈಗ ನಾಯಿ ಬೋರ್ಡಿಂಗುಗಳು ಹೆಚ್ಚುತ್ತಿವೆ. ನಾನು ನೋಡಿದ ಒಂದರಲ್ಲಿ ಗೋಡೆಗೆಲ್ಲ ಕಾರ್ಟೂನ್ ಚಿತ್ರ, ಮೇಲೆ ತಗಡು, ಗಾಳಿಗೆ ಒಂದು ಕಿಂಡಿಯೂ ಇಲ್ಲ. ನೆಲಕ್ಕೆ ಇಳಿಜಾರೇ ಇಲ್ಲ, ತೊಳೆದ ನೀರು ಅಲ್ಲೇ ನಿಂತಿತ್ತು. ಏಪ್ರಿಲ್ ಬಿಸಿಲಲ್ಲಿ ಆ ನಾಯಿಗಳ ಗತಿ ಏನು? ಇಂಥದ್ದನ್ನು ಕಟ್ಟುವವರೂ ನಿಮ್ಮ ಪುರವಣಿ ಓದುತ್ತಾರೆ. ಅವರಿಗೆ ಮುಂಭಾಗದ ಫೋಟೊದಿಂದ ಏನೂ ಪ್ರಯೋಜನವಿಲ್ಲ. ಇನ್ನೊಮ್ಮೆ ಇಂಥ ಲೇಖನ ಹಾಕುವಾಗ ಜೊತೆಗೊಂದು ನೆಲನಕ್ಷೆ, ಗಾಳಿ-ನೀರಿನ ದಾರಿ ತೋರಿಸುವ ಒಂದು ಸೆಕ್ಷನ್ (ಕಟ್ಟಡವನ್ನು ಸೀಳಿ ನೋಡಿದಂಥ ಚಿತ್ರ) ಹಾಕಿ. ಅರ್ಧ ಕಾಲಂ ಜಾಗ ಸಾಕು.

— ಒಬ್ಬ ನಿವೃತ್ತ ಸಿವಿಲ್ ಎಂಜಿನಿಯರ್, ಮೈಸೂರು